ಅಭಯ ಕುಂದಿದ ದಿನಗಳು: ಕುಂದಾಪುರ ಸೀಮೆಯಲ್ಲಿ ಲಾಕ್‌ಡೌನ್ ಕಾಲದ ಮನೋವ್ಯಥೆ

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವನ್ನು ನಾಲ್ಕು ಬಗೆಯಾಗಿ ಎಣಿಸಿರುವುದು ಶ್ರಾವಕರೆಲ್ಲರಿಗೂ ತಿಳಿದ ಸಂಗತಿ. ಮೊದಲ ಮೂರನ್ನು ಕಣ್ಣಿಗೆ ಕಾಣುವಂತೆ ಕೊಡಬಹುದು, ಲೆಕ್ಕಪುಸ್ತಕದಲ್ಲಿ ಬರೆದಿಡಲೂಬಹುದು. ನಾಲ್ಕನೆಯದಕ್ಕೆ ತೂಕವಿಲ್ಲ, ಬೆಲೆಯಿಲ್ಲ, ರಶೀದಿಯಿಲ್ಲ. ಆದುದರಿಂದಲೇ ಕಷ್ಟಕಾಲದಲ್ಲಿ ಎಲ್ಲಕ್ಕಿಂತ ಮೊದಲು ಮರೆತುಹೋಗುವುದು ಅದೇ. 2020 ಮತ್ತು 2021ರಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳು ಕಂಡ ದಿನಗಳ ಇತಿಹಾಸವನ್ನು ಸೋಂಕಿತರ ಮತ್ತು ಮೃತರ ಸಂಖ್ಯೆಯಲ್ಲಿ ಮಾತ್ರ ಬರೆದರೆ ಅದು ಅರ್ಧ ಇತಿಹಾಸ. ಬಾಗಿಲು ಮುಚ್ಚಿದ ಆ ತಿಂಗಳುಗಳಲ್ಲಿ ಯಾರ ಮನಸ್ಸು ಹೆಚ್ಚು ನೊಂದಿತು, ಏಕೆ ನೊಂದಿತು ಎಂಬುದು ಉಳಿದ ಅರ್ಧ. ಅದನ್ನು ಪರಿಶೀಲಿಸಿದಾಗ ಅನ್ನವೂ ಔಷಧವೂ ತಕ್ಕಮಟ್ಟಿಗೆ ತಲುಪಿದ ಮನೆಗಳಲ್ಲಿಯೂ ಅಭಯವು ತಲುಪಿರಲಿಲ್ಲ ಎಂಬುದು ಗೋಚರವಾಗುತ್ತದೆ.

ಹಳೆಯ ಪಿಡುಗುಗಳು

ರೋಗ ಬಂದಾಗ ಮನುಷ್ಯರನ್ನು ಬೇರ್ಪಡಿಸಿ ಇರಿಸುವ ಕ್ರಮ ಹೊಸದಲ್ಲ. ಆಡ್ರಿಯಾಟಿಕ್ ಸಮುದ್ರ ತೀರದ ರಗೂಸಾ ಎಂಬ ವ್ಯಾಪಾರ ಪಟ್ಟಣವು 1377ರಲ್ಲಿಯೇ ಸೋಂಕಿನ ಊರುಗಳಿಂದ ಬಂದವರನ್ನು 30 ದಿನ ಹೊರಗಿರಿಸುವ ಕಟ್ಟಳೆ ಮಾಡಿತು. ಅನಂತರ ಆ ಅವಧಿ 40 ದಿನಗಳಿಗೆ ಏರಿ, ಇಂದಿನ ಕ್ವಾರಂಟೈನ್ ಎಂಬ ಶಬ್ದ ಹುಟ್ಟಿತು. ಭಾರತದಲ್ಲಿ 1896ರಲ್ಲಿ ಮುಂಬಯಿಗೆ ಪ್ಲೇಗು ತಗಲಿದಾಗ ಸರ್ಕಾರವು 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ನೂರಿಪ್ಪತ್ತಮೂರು ವರ್ಷಗಳ ಅನಂತರ, 2020ರ ಮಾರ್ಚಿನಲ್ಲಿ ಬಳಕೆಗೆ ಬಂದುದೂ ಇದೇ ಕಾಯಿದೆ.

ಪ್ಲೇಗಿನ ಕಾಲದಲ್ಲಿ ಕನ್ನಡ ನಾಡಿನ ಅನೇಕ ಊರುಗಳ ಜನ ಮನೆ ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇದ್ದರು. ಅದು ಬಹು ಕಷ್ಟದ ಬದುಕು. ಆದರೆ ಊರಿಗೆ ಊರೇ ಒಟ್ಟಾಗಿ ಹೊರಟುದರಿಂದ ಪಕ್ಕದ ಗುಡಿಸಲಲ್ಲಿ ನೆರೆಯವರು ಇದ್ದೇ ಇರುತ್ತಿದ್ದರು. 2020ರ ಬಂಧನವು ಬೇರೆ ರೀತಿಯದು. ಇಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಮನೆಯೊಳಗೆ ಉಳಿದರು. ನೆರೆಯವನೇ ರೋಗವನ್ನು ತರುವವನು ಎಂಬ ಶಂಕೆ ಹೊಸ್ತಿಲಲ್ಲಿ ಕುಳಿತಿತು. ಕರಾವಳಿ ಮಲೆನಾಡುಗಳಲ್ಲಿ ಪಿಡುಗು ಬಂದಾಗ ಮಾರಿಯನ್ನು ಊರ ಗಡಿಯಾಚೆಗೆ ಕಳುಹಿಸುವ ಆಚರಣೆಯಿತ್ತು. ಅಂದು ಗಡಿ ದಾಟಿಸಿದ್ದು ಒಂದು ಸಂಕೇತವನ್ನು. ಈ ಬಾರಿ ಹಲವೆಡೆ ಮನುಷ್ಯರನ್ನೇ ಗಡಿಯಾಚೆ ನಿಲ್ಲಿಸುವ ಮನಸ್ಸಾಯಿತು.

ಒಂಟಿ ಮನೆಗಳ ಸೀಮೆ

2020ರ ಮಾರ್ಚ್ 22ರಂದು ಜನತಾ ಕರ್ಫ್ಯೂ ನಡೆಯಿತು; 25ರಿಂದ ದೇಶವಿಡೀ 21 ದಿನಗಳ ಲಾಕ್‌ಡೌನ್ ಜಾರಿಯಾಯಿತು. ಆ ಅವಧಿ ಏಪ್ರಿಲ್ 14ಕ್ಕೆ ಮುಗಿಯಬೇಕಿತ್ತು. ಅದು ಮೇ 3ಕ್ಕೆ, ಅಲ್ಲಿಂದ 17ಕ್ಕೆ, ಅಲ್ಲಿಂದ 31ಕ್ಕೆ ಮುಂದುವರಿಯಿತು. ಕೊನೆಯ ದಿನ ತಿಳಿದಿರುವ ವ್ರತವನ್ನು ಎಷ್ಟೇ ಕಠಿಣವಾದರೂ ಮನಸ್ಸು ಸಹಿಸಿಕೊಳ್ಳುತ್ತದೆ. ಕೊನೆಯೇ ತಿಳಿಯದ ಬಂಧನವು ಸಣ್ಣದಾದರೂ ಭಾರವಾಗುತ್ತದೆ. ಸ್ವಇಚ್ಛೆಯಿಂದ ಕೈಗೊಂಡ ಚಾತುರ್ಮಾಸ್ಯಕ್ಕೂ ಆಜ್ಞೆಯಿಂದ ಬಂದ ಗೃಹಬಂಧನಕ್ಕೂ ಇರುವ ಅಂತರ ಇದೇ.

ಕುಂದಾಪುರ ಸೀಮೆಯಲ್ಲಿ ಶರೀರದ ಅಂತರವೇನೋ ಮೊದಲಿನಿಂದಲೂ ಇದ್ದುದೇ. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಒಂದೊಂದು ಮನೆ ಒಂದೊಂದು ತೋಟದ ನಡುವೆ, ಗದ್ದೆಯ ಅಂಚಿನಲ್ಲಿ, ಗುಡ್ಡದ ಬುಡದಲ್ಲಿ ಒಂಟಿಯಾಗಿರುತ್ತದೆ. ಈ ಚದುರಿದ ಮನೆಗಳನ್ನು ಒಂದು ಊರಾಗಿ ಹೆಣೆಯುತ್ತಿದ್ದುದು ಬಸ್ಸು, ಮೀನು ಮಾರುಕಟ್ಟೆ, ಸಹಕಾರಿ ಸಂಘ, ಜಾತ್ರೆ, ಮದುವೆ ಮತ್ತು ರಾತ್ರಿಯ ಬಯಲಾಟ. ಮಾರ್ಚ್‌ನಿಂದ ಮೇ ತಿಂಗಳವರೆಗಿನ ಕಾಲವೆಂದರೆ ರಥೋತ್ಸವಗಳೂ ಮದುವೆಗಳೂ ತುಂಬಿರುವ ಕಾಲ. ಲಾಕ್‌ಡೌನ್ ಬಂದುದು ಸರಿಯಾಗಿ ಆ ಕಾಲಕ್ಕೆ. ದೇವಾಲಯ, ಬಸದಿ, ಮಸೀದಿ, ಇಗರ್ಜಿಗಳೆಲ್ಲ ಭಕ್ತರಿಗೆ ಮುಚ್ಚಿದವು. ಅವು ಮತ್ತೆ ತೆರೆದುದು ಜೂನ್ 8ರಂದು. ಏಪ್ರಿಲ್ 6ರ ಮಹಾವೀರ ಜಯಂತಿಯನ್ನೂ ಆ ವರ್ಷ ಮನೆಯೊಳಗೇ ಆಚರಿಸಬೇಕಾಯಿತು. ಊರನ್ನು ಹೆಣೆದಿದ್ದ ಎಳೆಗಳು ಹೀಗೆ ಒಮ್ಮೆಲೇ ಕಳಚಿದಾಗ ಒಂಟಿ ಮನೆಯು ನಿಜವಾಗಿಯೂ ಒಂಟಿಯಾಯಿತು.

ಇದರ ಮೊದಲ ಪೆಟ್ಟು ತಾಗಿದುದು ವೃದ್ಧರಿಗೆ. ಮಕ್ಕಳು ಮುಂಬಯಿ, ಬೆಂಗಳೂರು ಅಥವಾ ಕೊಲ್ಲಿ ದೇಶಗಳಲ್ಲಿದ್ದು, ದೊಡ್ಡ ಮನೆಯಲ್ಲಿ ತಂದೆ ತಾಯಿ ಇಬ್ಬರೇ ಇಲ್ಲವೇ ಒಬ್ಬರೇ ಉಳಿದಿರುವ ಸಂಸಾರಗಳು ಈ ಮೂರು ತಾಲೂಕುಗಳಲ್ಲಿ ಹೇರಳ. ಬೆಳಿಗ್ಗೆ ಹಾಲಿನ ಡೈರಿಗೆ ಹೋಗಿ ನಾಲ್ಕು ಮಾತಾಡಿ ಬರುವುದೇ ಕೆಲವರಿಗೆ ದಿನದ ಏಕೈಕ ಸಹವಾಸ. ಹಾಲು ಅಗತ್ಯ ವಸ್ತುವಾದುದರಿಂದ ಅದರ ಸಂಗ್ರಹ ನಿಲ್ಲಲಿಲ್ಲ. ಆದರೆ ನಿಂತು ಮಾತನಾಡುವುದು ನಿಂತಿತು. ರೋಗವು ವೃದ್ಧರಿಗೇ ಹೆಚ್ಚು ಅಪಾಯಕಾರಿ ಎಂಬ ವಾರ್ತೆಯನ್ನು ದಿನವಿಡೀ ದೂರದರ್ಶನದಲ್ಲಿ ಕೇಳುತ್ತ, ಸಂಶಯ ಕೇಳಲು ಹತ್ತಿರದಲ್ಲಿ ಯಾರೂ ಇಲ್ಲದೆ ಅವರು ದಿನ ಕಳೆದರು.

ಮೊದಲಿನಿಂದಲೇ ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದವರ ಪಾಡು ಇನ್ನೂ ಕಠಿಣ. ಬೈಂದೂರಿನಿಂದ ಉಡುಪಿಗೆ ಸುಮಾರು 70 ಕಿಲೋಮೀಟರ್ ದೂರ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ ಮಾತ್ರೆ ತರುತ್ತಿದ್ದವರಿಗೆ ಮಾರ್ಚ್ ಕೊನೆಯಿಂದ ಹಲವು ವಾರಗಳವರೆಗೆ ಬಸ್ಸೇ ಇರಲಿಲ್ಲ. ಮನಸ್ಸಿನ ರೋಗಕ್ಕೆ ಮಾತ್ರೆ ತಪ್ಪಿದರೆ ರೋಗ ಮರುಕಳಿಸುವ ಸಂಭವ ಹೆಚ್ಚು. ದೂರವಾಣಿಯ ಮೂಲಕ ವೈದ್ಯಕೀಯ ಸಲಹೆ ನೀಡಲು ಮಾರ್ಚ್ 25ರಂದೇ ಕೇಂದ್ರ ಸರ್ಕಾರದ ಮಾರ್ಗಸೂಚಿ ಹೊರಟಿತಾದರೂ, ಅದು ಘಟ್ಟದ ಬುಡದ ಹಳ್ಳಿಯ ರೋಗಿಗೆ ತಿಳಿಯುವುದು ಬೇರೆಯೇ ಮಾತು.

ಮುಂಬಯಿಯಿಂದ ಮರಳಿದವರು

ಈ ಸೀಮೆಯ ಕಥೆಯಲ್ಲಿ ಎಲ್ಲಕ್ಕಿಂತ ನೋವಿನ ಅಧ್ಯಾಯ ಮೇ ತಿಂಗಳಿನದು. ಬಸ್ರೂರು, ಬಾರ್ಕೂರುಗಳು ಒಂದು ಕಾಲದ ಪ್ರಸಿದ್ಧ ವ್ಯಾಪಾರ ಕೇಂದ್ರಗಳು. ವ್ಯಾಪಾರ ಕುಗ್ಗಿದ ಮೇಲೆ ಈ ನೆಲದ ಮಕ್ಕಳು ದುಡಿಮೆಯನ್ನರಸಿ ಹೊರಟುದು ಮುಂಬಯಿಯ ಹೋಟೆಲುಗಳಿಗೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ಮೇಲೆ ಬಂದವರ ಹಣದಿಂದ ಊರಿನ ಎಷ್ಟೋ ಶಾಲೆಗಳು ಎದ್ದುನಿಂತವು. ಎಷ್ಟೋ ಗುಡಿಗಳು ಜೀರ್ಣೋದ್ಧಾರಗೊಂಡವು. ಜಾತ್ರೆಯ ದಿನ ಮುಂಬಯಿಯ ಬಸ್ಸು ಬಂದಿತೆಂದರೆ ಊರಿಗೇ ಸಂಭ್ರಮ.

2020ರ ಮಾರ್ಚಿನಲ್ಲಿ ಮುಂಬಯಿಯ ಹೋಟೆಲುಗಳು ಮುಚ್ಚಿದವು. ಅಲ್ಲಿ ಗಿರಾಕಿಗಳು ಮತ್ತೆ ಕುಳಿತು ಉಣ್ಣಲು ಅಪ್ಪಣೆಯಾದುದು ಅಕ್ಟೋಬರ್ 5ರಂದು. ಹೋಟೆಲಿನಲ್ಲಿಯೇ ಉಂಡು ಅಲ್ಲಿಯೇ ಮಲಗುವ ಹುಡುಗನಿಗೆ ಹೋಟೆಲು ಮುಚ್ಚಿತೆಂದರೆ ಸಂಬಳ, ಊಟ, ಸೂರು ಮೂರೂ ಒಮ್ಮೆಗೇ ಹೋದಂತೆ. ರೈಲು ಬಸ್ಸುಗಳಿಲ್ಲದೆ ಒಂದೂವರೆ ತಿಂಗಳು ಸಣ್ಣ ಕೋಣೆಗಳಲ್ಲಿ ಕಳೆದು, ಮೇ ತಿಂಗಳಲ್ಲಿ ಪಾಸು ಪಡೆದು ಅವರು ಊರಿಗೆ ಹೊರಟರು. ಮೇ 12ರಂದು ದುಬಾಯಿಯಿಂದ ಮಂಗಳೂರಿಗೆ ಮೊದಲ ವಿಮಾನವೂ ಬಂದಿತು. ಅಷ್ಟರವರೆಗೆ ಉಡುಪಿ ಜಿಲ್ಲೆಯಲ್ಲಿ ಸೋಂಕು ಬೆರಳೆಣಿಕೆಯಷ್ಟೇ ಇತ್ತು. ಮೇ 18ರಂದು ಮಹಾರಾಷ್ಟ್ರವೂ ಸೇರಿದಂತೆ ನಾಲ್ಕು ರಾಜ್ಯಗಳಿಂದ ಬರುವವರಿಗೆ ಕರ್ನಾಟಕವು ತಿಂಗಳ ಕೊನೆಯವರೆಗೆ ಪ್ರವೇಶವನ್ನು ನಿಲ್ಲಿಸಿತು. ಜೂನ್ 2ರಂದು ರಾಜ್ಯದಲ್ಲಿ ವರದಿಯಾದ 388 ಹೊಸ ಪ್ರಕರಣಗಳಲ್ಲಿ 150 ಉಡುಪಿ ಜಿಲ್ಲೆಯವು. ಬಹುಪಾಲು ಮಹಾರಾಷ್ಟ್ರದಿಂದ ಮರಳಿದವರವು.

ಬಂದವರನ್ನು ಶಾಲೆ, ಹಾಸ್ಟೆಲು, ವಸತಿಗೃಹಗಳಲ್ಲಿ ಇರಿಸಲಾಯಿತು. ಮೊದಲು 14 ದಿನಗಳೆಂದಿದ್ದ ನಿಯಮ ಮೇ ಕೊನೆಯ ಹೊತ್ತಿಗೆ ಅಲ್ಲಿ 7 ದಿನ, ಮನೆಯಲ್ಲಿ 7 ದಿನ ಎಂದಾಯಿತು. ಗಂಟಲಿನ ದ್ರವದ ಪರೀಕ್ಷೆಯ ಫಲಿತಾಂಶ ಬರಲು ದಿನಗಳು ಹಿಡಿಯುತ್ತಿದ್ದವು. ತಾವು ರೋಗಿಗಳೋ ನಿರೋಗಿಗಳೋ ಎಂಬುದನ್ನೇ ತಿಳಿಯದೆ, ಓದಿದ ಶಾಲೆಯ ಬೆಂಚುಗಳ ನಡುವೆ ಚಾಪೆ ಹಾಸಿ ಅವರು ಕಾದರು. ಸರ್ಕಾರಿ ನೌಕರರೂ ಆಶಾ ಕಾರ್ಯಕರ್ತೆಯರೂ ಹಗಲಿರುಳು ದುಡಿದರು. ದಾನಿಗಳು ಊಟ ಕಳುಹಿಸಿದರು. ಇದನ್ನು ಸ್ಮರಿಸದಿದ್ದರೆ ಕೃತಘ್ನತೆಯಾದೀತು.

ಆದರೆ ಊರಿನ ಮಾತು ಬದಲಾಗಿತ್ತು. ನಿನ್ನೆಯವರೆಗೆ ಗೌರವದ ಗುರುತಾಗಿದ್ದ ‘ಮುಂಬಯಿಯವರು’ ಎಂಬ ಮಾತು ಈಗ ಎಚ್ಚರಿಕೆಯ ಕೂಗಾಯಿತು. ಕೋಟದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ ಕಾದಂಬರಿ ಬರೆದ ನಾಡಿದು. ಮಣ್ಣಿಗೆ ಮರಳುವುದೆಂದರೆ ಇಲ್ಲಿನವರಿಗೆ ಆಸರೆಗೆ ಮರಳಿದಂತೆ. ಆ ಆಸರೆಯ ಬಾಗಿಲಲ್ಲೇ ಭಯದ ನೋಟಗಳು ಎದುರಾದಾಗ ಮನಸ್ಸಿಗಾಗುವ ಗಾಯವನ್ನು ಯಾವ ಪರೀಕ್ಷೆಯೂ ಅಳೆಯಲಾರದು.

ಆಡಳಿತದ ಕೆಲವು ಕ್ರಮಗಳೂ ಈ ಭಯವನ್ನು ಬೆಳೆಸಿದವು. ಹೊರದೇಶಗಳಿಂದ ಬಂದವರ ಕೈಗೆ ಮುದ್ರೆ ಒತ್ತಲಾಯಿತು. 2020ರ ಮಾರ್ಚ್ ಕೊನೆಯ ವಾರ ರಾಜ್ಯ ಸರ್ಕಾರವು ಗೃಹಬಂಧನದಲ್ಲಿದ್ದವರ ವಿಳಾಸಗಳನ್ನೇ ಜಿಲ್ಲಾವಾರು ಬಹಿರಂಗಪಡಿಸಿತು. ಗಂಟೆಗೊಮ್ಮೆ ಭಾವಚಿತ್ರ ತೆಗೆದು ಕಳುಹಿಸಬೇಕೆಂದು ಆಜ್ಞಾಪಿಸಿತು. ಮನೆಗಳ ಬಾಗಿಲಿಗೆ ಭಿತ್ತಿಪತ್ರ ಅಂಟಿತು. ಸೋಂಕಿತರ ಮನೆಗೆ ಹೀಗೆ ಪತ್ರ ಅಂಟಿಸುವುದು, ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ಆದೇಶವಿಲ್ಲದೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2020ರ ಡಿಸೆಂಬರ್ 9ರಂದು. ಅಷ್ಟರಲ್ಲಿ ಬಹಳ ಬಾಗಿಲುಗಳು ಊರವರ ಕಣ್ಣಿನಲ್ಲಿ ಗುರುತಾಗಿದ್ದವು.

ಈ ಅಪಾಯವನ್ನು ವಿದ್ವಾಂಸರು ಮುಂದಾಗಿಯೇ ಹೇಳಿದ್ದರು. 2003ರಲ್ಲಿ ಕೆನಡಾದ ಟೊರೊಂಟೊ ನಗರದಲ್ಲಿ ಸಾರ್ಸ್ ಹಬ್ಬಿದಾಗ ಬಂಧನದಲ್ಲಿದ್ದ 129 ಮಂದಿಯನ್ನು ವಿಚಾರಿಸಿದ ಅಧ್ಯಯನವೊಂದರಲ್ಲಿ ಶೇಕಡಾ 31ರಷ್ಟು ಜನರಲ್ಲಿ ಖಿನ್ನತೆಯ ಲಕ್ಷಣಗಳು ಕಂಡಿದ್ದವು. ಬಂಧನದ ದಿನ ಹೆಚ್ಚಿದಂತೆ ಮನದ ಆಘಾತವೂ ಹೆಚ್ಚಿತ್ತು. 2020ರ ಫೆಬ್ರವರಿಯಲ್ಲಿ, ಭಾರತದ ಲಾಕ್‌ಡೌನಿಗೆ ಒಂದು ತಿಂಗಳ ಮೊದಲೇ, ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಂಥ 24 ಅಧ್ಯಯನಗಳ ಸಮೀಕ್ಷೆ ಪ್ರಕಟವಾಯಿತು. ದೀರ್ಘ ಅವಧಿ, ಸೋಂಕಿನ ಭಯ, ಬೇಸರ, ಸಾಮಗ್ರಿಗಳ ಕೊರತೆ, ಸ್ಪಷ್ಟ ಮಾಹಿತಿಯ ಅಭಾವ, ಹಣದ ನಷ್ಟ, ಸಮಾಜದ ಕಳಂಕ ಇವೇ ಮನಸ್ಸನ್ನು ಕೆಡಿಸುವ ಕಾರಣಗಳೆಂದು ಅದು ಎಣಿಸಿತ್ತು. ಕುಂದಾಪುರ ಸೀಮೆಯ ಶಾಲೆಯ ಕೋಣೆಗಳಲ್ಲಿ ಈ ಕಾರಣಗಳಲ್ಲಿ ಹಲವು ಒಂದೇ ಸೂರಿನಡಿ ಸೇರಿದ್ದವು.

ದುಡಿಮೆ ಮತ್ತು ಸಾಲ

ಮನೆಯಲ್ಲೇ ಇರಿ ಎಂಬ ಆಜ್ಞೆ ಎಲ್ಲರಿಗೂ ಒಂದೇ ಆಗಿದ್ದರೂ ಅದರ ಭಾರ ಒಂದೇ ಆಗಿರಲಿಲ್ಲ. ತಿಂಗಳ ಸಂಬಳ ತಪ್ಪದೆ ಬರುತ್ತಿದ್ದವನಿಗೆ ಅದು ವಿಶ್ರಾಂತಿ. ಗೇರುಬೀಜದ ಕಾರ್ಖಾನೆಯ ಹೆಂಗಸಿಗೆ, ಎಲೆ ಹೊಗೆಸೊಪ್ಪು ಸಿಗದೆ ಕುಳಿತ ಬೀಡಿ ಕಟ್ಟುವವಳಿಗೆ, ರಿಕ್ಷಾ ಚಾಲಕನಿಗೆ ಅದು ಮರುದಿನದ ಅಕ್ಕಿಯ ಪ್ರಶ್ನೆ. ಗಂಗೊಳ್ಳಿಯ ಬಂದರಿನಲ್ಲಿ ದೋಣಿಗಳು ಋತುವಿನ ಕೊನೆಯ ಮುಖ್ಯ ವಾರಗಳಲ್ಲೇ ನಿಂತವು. ನಷ್ಟ ತುಂಬಲೆಂದು ಆ ವರ್ಷ ಮಳೆಗಾಲದ ಮೀನುಗಾರಿಕಾ ನಿಷೇಧವನ್ನು 61 ದಿನಗಳಿಂದ 47ಕ್ಕೆ ಇಳಿಸಲಾಯಿತು. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮಗಳಂಥ ಯಕ್ಷಗಾನ ಮೇಳಗಳ ತಿರುಗಾಟ ಮೇ ತಿಂಗಳವರೆಗೆ ನಡೆಯಬೇಕಾಗಿತ್ತು. ಮಾರ್ಚ್ ನಡುವಿಗೇ ಗೆಜ್ಜೆ ಬಿಚ್ಚಬೇಕಾಯಿತು. ಕಲಾವಿದನಿಗೆ ಸಂಬಳದೊಂದಿಗೆ ರಂಗಸ್ಥಳವೂ ಹೋಯಿತು. ರಾತ್ರಿ ರಾಜನಾಗಿ ಮೆರೆದವನು ಪಡಿತರ ಅಂಗಡಿಯ ಮುಂದೆ ಸಾಲು ನಿಲ್ಲುವಾಗ ಪಡುವ ಸಂಕೋಚವೂ ಒಂದು ನೋವೇ.

ವ್ಯಾಪಾರಸ್ಥರ ವಿಷಯವನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ವ್ಯಾಪಾರಿ ತನ್ನ ಕಷ್ಟವನ್ನು ಹೇಳಿಕೊಳ್ಳುವವನಲ್ಲ. ಅಂಗಡಿಯ ಮರ್ಯಾದೆಯೇ ಅವನ ಬಂಡವಾಳ. ಆದರೆ ಬಾಗಿಲು ಮುಚ್ಚಿದ್ದರೂ ಬಾಡಿಗೆ ಓಡುತ್ತದೆ, ಉದ್ರಿ ವಸೂಲಾಗುವುದಿಲ್ಲ, ಬಡ್ಡಿ ನಿಲ್ಲುವುದಿಲ್ಲ. ರಿಸರ್ವ್ ಬ್ಯಾಂಕು 2020ರ ಮಾರ್ಚ್ 27ರಂದು ಸಾಲದ ಕಂತುಗಳನ್ನು ಮೂರು ತಿಂಗಳು ಮುಂದೂಡಲು ಅವಕಾಶ ನೀಡಿ, ಅನಂತರ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಕಂತು ಮುಂದೆ ಹೋಯಿತೇ ಹೊರತು ಬಡ್ಡಿ ಬೆಳೆಯುತ್ತಲೇ ಇತ್ತು. ಆ ಅವಧಿಯ ಬಡ್ಡಿಯ ಮೇಲಿನ ಬಡ್ಡಿಯನ್ನು ಯಾರಿಂದಲೂ ವಸೂಲು ಮಾಡಕೂಡದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 2021ರ ಮಾರ್ಚ್ 23ರಂದು.

ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರದ ಪ್ರಕಾರ 2019ರಲ್ಲಿ ದೇಶದಲ್ಲಿ 1,39,123 ಆತ್ಮಹತ್ಯೆಗಳು ದಾಖಲಾಗಿದ್ದರೆ, 2020ರಲ್ಲಿ ಆ ಸಂಖ್ಯೆ 1,53,052ಕ್ಕೆ ಏರಿತು. ವ್ಯಾಪಾರ ವ್ಯವಹಾರಗಳಲ್ಲಿದ್ದವರ ಸಂಖ್ಯೆ 9,052ರಿಂದ 11,716ಕ್ಕೆ, ಅಂದರೆ ಶೇಕಡಾ 29ರಷ್ಟು ಹೆಚ್ಚಿತು. ಆ ವರ್ಷ ಅದು ಕೃಷಿಯಲ್ಲಿದ್ದವರ ಸಂಖ್ಯೆಯನ್ನೂ ಮೀರಿತು. ಒಂದು ಸಾವಿಗೆ ಒಂದೇ ಕಾರಣವಿರುವುದಿಲ್ಲ. ಆದುದರಿಂದ ಇದೆಲ್ಲವೂ ಲಾಕ್‌ಡೌನಿನ ಫಲವೆಂದು ಹೇಳಲಾಗದು. ಆದರೂ ಸಾಲ, ಲಜ್ಜೆ, ಮೌನ ಈ ಮೂರು ಕೂಡಿದಲ್ಲಿ ಅಪಾಯವಿದೆಯೆಂಬ ಎಚ್ಚರಿಕೆ ಈ ಅಂಕಿಗಳಲ್ಲಿದೆ. ಸಾಲಿಗನ ಬಾಗಿಲಿಗೆ ಹೋಗಿ ‘ಆರು ತಿಂಗಳು ಕಳೆಯಲಿ, ನೋಡೋಣ’ ಎಂದವನು ಎಷ್ಟು ಬಿಟ್ಟುಕೊಟ್ಟನೆಂಬ ಲೆಕ್ಕ ಎಲ್ಲಿಯೂ ಇಲ್ಲ. ಆದರೆ ಅದು ನಿಸ್ಸಂದೇಹವಾಗಿ ಅಭಯದಾನ.

ಮನೆಯೊಳಗಿನ ನೋವು

ಮನೆಯೇ ಸುರಕ್ಷಿತವೆಂಬ ಮಾತು ಎಲ್ಲ ಮನೆಗಳಿಗೂ ಒಪ್ಪುವುದಿಲ್ಲ. ರಾಷ್ಟ್ರೀಯ ಮಹಿಳಾ ಆಯೋಗಕ್ಕೆ 2020ರ ಮಾರ್ಚ್ 23ರಿಂದ ಏಪ್ರಿಲ್ 16ರವರೆಗೆ ಬಂದ ಕೌಟುಂಬಿಕ ಹಿಂಸೆಯ ದೂರುಗಳು 239. ಅದಕ್ಕೆ ಮೊದಲಿನ 25 ದಿನಗಳಲ್ಲಿ 123. ದೂರು ಕೊಡಲು ಮನೆಯಿಂದ ಹೊರಬರಲಾಗದ ದಿನಗಳಲ್ಲಿಯೇ ಈ ಸಂಖ್ಯೆ ಇಮ್ಮಡಿಯ ಹತ್ತಿರಕ್ಕೆ ಹೋಯಿತೆಂಬುದನ್ನು ಮರೆಯಬಾರದು.

ಮದ್ಯದಂಗಡಿಗಳು ಮಾರ್ಚ್ ಕೊನೆಯಿಂದ ಮೇ 4ರವರೆಗೆ ಮುಚ್ಚಿದ್ದವು. ಅನೇಕ ಮನೆಗಳಿಗೆ ಇದರಿಂದ ನೆಮ್ಮದಿ ದೊರೆತುದು ನಿಜ. ಆದರೆ ಬಹುಕಾಲದ ವ್ಯಸನಿಗೆ ಮದ್ಯ ಹಠಾತ್ತಾಗಿ ತಪ್ಪಿದರೆ ಕೈಕಾಲು ನಡುಗಿ, ಭ್ರಮೆ ಹಿಡಿದು, ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರ ಆತ್ಮಹತ್ಯೆಗಳು ಆ ವಾರಗಳಲ್ಲಿ ರಾಜ್ಯದಲ್ಲಿ ವರದಿಯಾದವು. ಮದ್ಯವನ್ನು ಸಪ್ತವ್ಯಸನಗಳಲ್ಲಿ ಎಣಿಸಿ ತ್ಯಜಿಸಿದ ಸಮಾಜಕ್ಕೆ ವ್ಯಸನವನ್ನು ಖಂಡಿಸುವುದು ಸುಲಭ. ನಡುಗುತ್ತಿರುವ ಮನುಷ್ಯನನ್ನು ರೋಗಿಯೆಂದು ಕಂಡು ವೈದ್ಯನಲ್ಲಿಗೆ ಒಯ್ಯುವುದು ಅದಕ್ಕಿಂತ ಕಷ್ಟವಾದ ಅಹಿಂಸೆ.

ಮಕ್ಕಳ ಶಾಲೆ ಮುಚ್ಚಿತು. ಮೊಬೈಲಿನಲ್ಲಿ ಪಾಠ ಆರಂಭವಾದಾಗ ಸಂಪರ್ಕ ಸಿಗದ ಹಳ್ಳಿಗಳ ಮಕ್ಕಳು ಗುಡ್ಡ ಹತ್ತಿದರು. ಮನೆಗೊಂದೇ ಮೊಬೈಲು ಇದ್ದಲ್ಲಿ ಅಣ್ಣ ತಂಗಿಯರಲ್ಲಿ ಒಬ್ಬರು ಪಾಠ ಬಿಟ್ಟರು. ಹತ್ತನೆಯ ತರಗತಿಯ ಪರೀಕ್ಷೆ ಮುಂದಕ್ಕೆ ಹೋಗಿ ಜೂನ್ 25ರಂದು ಆರಂಭವಾಯಿತು. ಮೂರು ತಿಂಗಳು ಪರೀಕ್ಷೆ ಉಂಟೋ ಇಲ್ಲವೋ ಎಂಬ ಗೊಂದಲದಲ್ಲಿ ಓದಿದ ಮಕ್ಕಳ ಆತಂಕವನ್ನು ಹಿರಿಯರು ಸೋಮಾರಿತನವೆಂದು ಭ್ರಮಿಸಿದ್ದೂ ಉಂಟು.

2021ರ ಏಪ್ರಿಲ್ 27ರಿಂದ ರಾಜ್ಯ ಮತ್ತೆ ಮುಚ್ಚಿತು. ಎರಡನೆಯ ಅಲೆಯಲ್ಲಿ ಸಾವು ಹತ್ತಿರವಾಯಿತು. ಮುಖ ನೋಡಲಾಗದೆ, ಬಂಧುಗಳು ಸೇರದೆ, ಕ್ರಿಯೆಗಳು ಕ್ರಮವಾಗಿ ನಡೆಯದೆ ಹಿರಿಯರನ್ನು ಕಳುಹಿಸಿಕೊಟ್ಟ ಮನೆಗಳಲ್ಲಿ ಶೋಕ ಮುಗಿಯದೆ ಉಳಿಯಿತು. ಹತ್ತು ಜನ ಬಂದು ಕುಳಿತು ಸತ್ತವರ ಗುಣಗಳನ್ನು ಆಡುವುದು ಬರಿಯ ರೂಢಿಯಲ್ಲ, ಮನಸ್ಸಿಗೆ ಅದೂ ಒಂದು ಔಷಧವೆಂಬುದು ಆಗ ಅರ್ಥವಾಯಿತು.

ಉಳಿದಿರುವ ಕರ್ತವ್ಯ

2020ರ ಏಪ್ರಿಲಿನಲ್ಲಿ ಭಾರತೀಯ ಮನೋವೈದ್ಯರ ಸಂಘವು ಅಂತರ್ಜಾಲದ ಮೂಲಕ ನಡೆಸಿದ ಸಮೀಕ್ಷೆಯಲ್ಲಿ 1,685 ಮಂದಿಯ ಉತ್ತರಗಳನ್ನು ಪರಿಶೀಲಿಸಿದಾಗ, ಶೇಕಡಾ 40ರಷ್ಟು ಜನರಲ್ಲಿ ಆತಂಕ ಅಥವಾ ಖಿನ್ನತೆ ಕಂಡಿತು. ಮೊಬೈಲು ಹಿಡಿದು ಉತ್ತರ ಬರೆಯಬಲ್ಲವರ ಲೆಕ್ಕ ಇದು. ಶಾಲೆಯ ಕೋಣೆಯಲ್ಲಿ ಚಾಪೆ ಹಾಸಿದ್ದ ಹೋಟೆಲು ಹುಡುಗನೂ ಒಂಟಿ ಮನೆಯ ಅಜ್ಜಿಯೂ ಇಂಥ ಲೆಕ್ಕದಲ್ಲಿ ಬರುವುದು ಅಪರೂಪ. ವಿಶ್ವ ಆರೋಗ್ಯ ಸಂಸ್ಥೆಯು 2022ರ ಮಾರ್ಚಿನಲ್ಲಿ, ಪಿಡುಗಿನ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆಗಳು ಶೇಕಡಾ 25ರಷ್ಟು ಹೆಚ್ಚಿದವೆಂದೂ, ಮಹಿಳೆಯರು ಹಾಗೂ ಯುವಜನರು ಹೆಚ್ಚು ಬಾಧಿತರೆಂದೂ ತಿಳಿಸಿತು.

ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವುದರಲ್ಲಿ ಕರ್ನಾಟಕಕ್ಕೆ ಹಿರಿಮೆಯಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಶಿಕ್ಷಣ ನೀಡಿ ನಡೆಸಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ, ಶುಲ್ಕವಿಲ್ಲದೆ, ಸಲಹೆ ಪಡೆಯಬಹುದು. ಈ ಸಂಖ್ಯೆಯನ್ನು ಪ್ರತಿಯೊಂದು ಬಸದಿಯ, ದೇವಾಲಯದ ಸೂಚನಾ ಫಲಕದಲ್ಲಿ ಬರೆಯಲು ಖರ್ಚೇನೂ ಇಲ್ಲ.

ಟ್ರಸ್ಟುಗಳಿಂದ ಆಗಬಹುದಾದ ಬೇರೆ ಕೆಲಸಗಳೂ ದೊಡ್ಡವೇನಲ್ಲ. ಒಂಟಿಯಾಗಿರುವ ವೃದ್ಧರ ಪಟ್ಟಿಯೊಂದನ್ನು ಈಗಲೇ ಮಾಡಿ, ವಾರಕ್ಕೊಮ್ಮೆ ಮಾತನಾಡಿಸುವವರನ್ನು ಗೊತ್ತುಮಾಡಬಹುದು. ತಪ್ಪದೆ ಬೇಕಾಗುವ ಮಾತ್ರೆಗಳನ್ನು ತಲುಪಿಸುವ ಏರ್ಪಾಡನ್ನು ಮುಂಚಿತವಾಗಿ ಮಾಡಬಹುದು. ನೆರವು ಪಡೆದವರ ಹೆಸರನ್ನು ಓದದೆ, ಭಾವಚಿತ್ರ ತೆಗೆಯದೆ ಕೊಡುವ ನಿಯಮವನ್ನು ಪಾಲಿಸಬಹುದು. ದೂರದಿಂದ ಮರಳುವವರಿಗೆ ನಾಲ್ಕು ಕೋಣೆಗಳನ್ನು ತೆರೆದಿಟ್ಟು, ಅಲ್ಲಿಗೆ ಊಟ ಒಯ್ಯುವವನು ದೂರದಲ್ಲಿ ನಿಂತೇ ಆದರೂ ಹೆಸರು ಹಿಡಿದು ಕ್ಷೇಮ ವಿಚಾರಿಸುವಂತೆ ಮಾಡಬಹುದು.

ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು 2023ರ ಮೇ 5ರಂದು ಸಾರಿತು. ಮುಂಬಯಿಯ ಬಸ್ಸುಗಳು ಮತ್ತೆ ಕುಂದಾಪುರಕ್ಕೆ ಬರುತ್ತಿವೆ. ಮೇಳಗಳ ಚೆಂಡೆ ಮತ್ತೆ ಕೇಳಿಸುತ್ತಿದೆ. ಆದರೆ 2020ರ ಮೇ ತಿಂಗಳಲ್ಲಿ ತನ್ನ ಊರಿನ ಶಾಲೆಯ ಕಿಟಕಿಯಿಂದ ತನ್ನ ಮನೆಯ ದಾರಿಯನ್ನು ನೋಡುತ್ತ ಕುಳಿತವನು, ಆ ದಾರಿಯಲ್ಲಿ ಹೋಗುವವರು ತನ್ನನ್ನು ಕಂಡು ಮುಖ ತಿರುಗಿಸಿದ್ದನ್ನು ಮರೆತಿರಲಾರ. ಅಂದು ಯಾರಾದರೊಬ್ಬರು ನಿಂತು ಕೈಯೆತ್ತಿ ಮಾತಾಡಿಸಿದ್ದರೆ, ಅದನ್ನೂ ಮರೆತಿರಲಾರ.